ನೆರೆಗೆ ದಾಟುವ ಸುದ್ದಿ

ವೈರಸ್ ಹೊಕ್ಕ ಜೀವಕೋಶ ತನ್ನ ಸುತ್ತಲಿನ ಕೋಶಗಳಿಗೆ ಕಳಿಸುವ ಎಚ್ಚರಿಕೆಯ ಪ್ರೋಟೀನಿಗೆ ಇಂಟರ್‌ಫೆರಾನ್ ಎಂದು ಹೆಸರು. ದನ, ಎಮ್ಮೆ, ಕುರಿ, ಹಂದಿ, ಕೋಳಿ, ಮನುಷ್ಯ ಎಲ್ಲರ ಮೈಯಲ್ಲೂ ಅದು ಹುಟ್ಟುತ್ತದೆ. ಹೆಚ್ಚುಕಡಿಮೆ ಯಾವ ಕೋಶವಾದರೂ ಅದನ್ನು ಅಷ್ಟಿಷ್ಟು ತಯಾರಿಸಬಲ್ಲದು. ರಕ್ತದಲ್ಲಿ, ದುಗ್ಧಗ್ರಂಥಿಗಳಲ್ಲಿ ಕಾವಲಿರುವ ಕೆಲವು ರೋಗನಿರೋಧಕ ಕೋಶಗಳಂತೂ ಅದಕ್ಕೆಂದೇ ಹುಟ್ಟಿದಂತಿವೆ. ಈ ವಸ್ತುವಿನ ಒಂದು ಗುಣವನ್ನು ಮೊದಲೇ ಹೇಳಬೇಕು. ಅದು ವೈರಸ್ಸನ್ನು ಮುಟ್ಟುವುದೂ ಇಲ್ಲ, ಕೊಲ್ಲುವುದೂ ಇಲ್ಲ. ನೆರೆಯ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಸುದ್ದಿ ಕೇಳಿದ ಕೋಶ ತನ್ನ ಮನೆಯನ್ನು ತಾನು ಭದ್ರ ಮಾಡಿಕೊಳ್ಳುತ್ತದೆ. ಒಂದು ಜೀವ ಉಳಿಯಬೇಕಾದರೆ ಇನ್ನೊಂದನ್ನು ಕೊಲ್ಲಲೇಬೇಕೆ ಎಂಬುದು ಶ್ರವಣಬೆಳಗೊಳದ ಮುನಿಗಳಿಂದ ಹಿಡಿದು ಕೊಟ್ಟಿಗೆಯ ರೈತನವರೆಗೆ ಈ ನಾಡಿನವರೆಲ್ಲ ಎದುರಿಸಿದ ಪ್ರಶ್ನೆ. ದನದ ಮೈ ಆ ಪ್ರಶ್ನೆಗೆ ಕೊಡುವ ಮೊದಲ ಉತ್ತರ ಇಂಟರ್‌ಫೆರಾನ್.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ಹುಣಸೆ ತೋಪಿನಿಂದ. ಸುಮಾರು 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು; ನೂರಾರು ವರ್ಷದ ಮರಗಳ ನಡುವೆ ಚೆನ್ನಕೇಶವನ ಹಳೆಯ ಗುಡಿಯೂ ಇದೆ. ಈ ಸೀಮೆಯ ಊರುಗಳ ಬದುಕು ನಿಂತಿರುವುದು ರಾಗಿ, ರೇಷ್ಮೆ, ದ್ರಾಕ್ಷಿ ಮತ್ತು ಹಾಲಿನ ಮೇಲೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಮನೆಯಲ್ಲಿ ಕಾಲುಬಾಯಿ ಜ್ವರದ ಗುರುತು ಮೊದಲು ಸಿಗುವುದು ಗೊಂತಿನಲ್ಲಿ. ರಾತ್ರಿ ಹಾಕಿದ ಹುಲ್ಲು ಹಾಗೇ ಇರುತ್ತದೆ. ಹಸು ಮೆಲುಕು ಹಾಕುವುದಿಲ್ಲ, ತುಟಿ ಚಪ್ಪರಿಸುತ್ತದೆ, ಜೊಲ್ಲು ಹಗ್ಗದಂತೆ ನೆಲದವರೆಗೆ ಇಳಿಯುತ್ತದೆ. ನಾಲಿಗೆ ಹಿಡಿದೆಳೆದು ನೋಡಿದರೆ ಗುಳ್ಳೆ ಒಡೆದು ಮೇಲಿನ ಪೊರೆ ಕಿತ್ತುಬಂದಿರುತ್ತದೆ; ಕೆಳಗೆ ಹಸಿ ಕೆಂಪು. ಗೊರಸಿನ ಸಂದಿನಲ್ಲೂ ಅದೇ ಹುಣ್ಣು. ಹಸು ಒಂದು ಕಾಲನ್ನೆತ್ತಿ ಝಾಡಿಸುತ್ತದೆ, ಇಡುತ್ತದೆ, ಮತ್ತೆ ಎತ್ತುತ್ತದೆ. ಮೊಲೆತೊಟ್ಟಿನ ಮೇಲೆ ಗುಳ್ಳೆಯೆದ್ದರೆ ಕರೆಯಲು ಬಿಡುವುದಿಲ್ಲ. ಮನೆಯವರು ಪಟಿಕದ ನೀರಿನಲ್ಲಿ ಬಾಯಿ ತೊಳೆದು, ರಾಗಿ ಅಂಬಲಿ ಕುಡಿಸಿ ಕಾಯುತ್ತಾರೆ. ದೊಡ್ಡ ಹಸು ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ, ಹಾಲು ಮಾತ್ರ ಮೊದಲಿನಂತೆ ಆಗುವುದು ಅಪರೂಪ. ಎಳೆಗರು ಹೃದಯಕ್ಕೇ ಪೆಟ್ಟು ಬಿದ್ದು ಇದ್ದಕ್ಕಿದ್ದಂತೆ ಸಾಯುವುದುಂಟು. 2013ರಲ್ಲಿ ಈ ರೋಗ ರಾಜ್ಯದಲ್ಲಿ ಹಬ್ಬಿದಾಗ ಸಾವಿರಾರು ದನಗಳು ಸತ್ತವು. ಸೀಮೆಹಸುಗಳಿಗೆ ಅದರ ಏಟು ಹೆಚ್ಚು. ಹಳ್ಳಿಕಾರ್, ಅಮೃತಮಹಲ್‌ನಂಥ ನಾಡತಳಿಗಳು ಸ್ವಲ್ಪ ತಡೆದುಕೊಳ್ಳುತ್ತವೆ.

ಆ ಹಸುವಿನ ನಾಲಿಗೆಯ ಪೊರೆಯೊಳಗೆ ನಡೆಯುವುದು ಏನೆಂದು ತಿಳಿದದ್ದು ಕೋಳಿಮೊಟ್ಟೆಯಿಂದ. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನ ಸಂಶೋಧನಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದ ಜೀನ್ ಲಿಂಡನ್‌ಮನ್ ಮರಿಕಟ್ಟುತ್ತಿದ್ದ ಮೊಟ್ಟೆಯೊಳಗಿನ ಪೊರೆಯನ್ನು ಚೂರುಮಾಡಿ, ಬಿಸಿಗೆ ಸತ್ತ ಇನ್‌ಫ್ಲುಯೆಂಜಾ ವೈರಸ್ಸಿನ ಜೊತೆ ನೆನೆಯಿಟ್ಟರು. ಒಂದು ದಿನ ಬಿಟ್ಟು ಆ ದ್ರವವನ್ನು ಬಸಿದು, ವೈರಸ್ಸನ್ನೇ ಕಾಣದ ಹೊಸ ಪೊರೆಗೆ ಹಾಕಿದರು. ಆಮೇಲೆ ಜೀವಂತ ವೈರಸ್ ಬಿಟ್ಟರೂ ಅದು ಆ ಪೊರೆಯಲ್ಲಿ ಬೆಳೆಯಲಿಲ್ಲ. ಮೊದಲ ಪೊರೆ ಏನನ್ನೋ ಹೊರಗೆ ಬಿಟ್ಟಿತ್ತು. ಎರಡನೆಯದು ಅದನ್ನು ಪಡೆದು ಸಿದ್ಧವಾಗಿತ್ತು. ಒಂದು ವೈರಸ್ಸಿನ ಇರವು ಇನ್ನೊಂದರ ಬೆಳವಣಿಗೆಗೆ ಅಡ್ಡಬರುವುದನ್ನು ವಿಜ್ಞಾನಿಗಳು ಮೊದಲೇ ಗಮನಿಸಿದ್ದರು. ಆ ಅಡ್ಡಿಯನ್ನು ಸೂಚಿಸುವ ಇಂಗ್ಲಿಷ್ ಪದದಿಂದಲೇ ಇಂಟರ್‌ಫೆರಾನ್ ಎಂಬ ಹೆಸರು ಬಂತು. ಜಪಾನಿನಲ್ಲಿ ನಗಾನೋ ಮತ್ತು ಕೊಜಿಮಾ 1954ರಲ್ಲೇ ಮೊಲಗಳಲ್ಲಿ ಇಂಥದೊಂದು ವಸ್ತುವಿನ ಸುಳಿವು ಕಂಡಿದ್ದರು.

ಕೋಶದೊಳಗಿನ ಕ್ರಮ ಹೀಗಿದೆ. ಕಾಲುಬಾಯಿ ವೈರಸ್ ತನ್ನ ಆರ್‌ಎನ್‌ಎ ಎಳೆಯನ್ನು ಒಳಗೆ ಬಿಟ್ಟು ಅದರ ಪ್ರತಿ ತೆಗೆಯತೊಡಗಿದಾಗ, ಎಂಡಿಎ-5 ಎಂಬ ಕಾವಲು ಪ್ರೋಟೀನು ಅದನ್ನು ಪರಕೀಯವೆಂದು ಗುರುತಿಸುತ್ತದೆ. ಸಂದೇಶ ಕೋಶಕೇಂದ್ರಕ್ಕೆ ಹೋಗುತ್ತದೆ, ಇಂಟರ್‌ಫೆರಾನ್ ತಯಾರಾಗಿ ಹೊರಬೀಳುತ್ತದೆ. ನೆರೆಯ ಕೋಶದ ಮೈಮೇಲೆ ಅದನ್ನು ಹಿಡಿಯುವ ಕೊಂಡಿಯಿದೆ. ಅಲ್ಲಿ ಕೂತೊಡನೆ ಆ ಕೋಶದಲ್ಲಿ ನೂರಾರು ಜೀನುಗಳು ಎಚ್ಚರಗೊಳ್ಳುತ್ತವೆ. ವೈರಸ್ಸಿಗೆ ಸ್ವಂತ ಒಲೆಯಿಲ್ಲ. ತನ್ನ ಅಡುಗೆಯನ್ನು ಕೋಶದ ಒಲೆಯಲ್ಲೇ ಬೇಯಿಸಿಕೊಳ್ಳಬೇಕು. ಸುದ್ದಿ ಮುಟ್ಟಿದ ಕೋಶಕ್ಕೆ ವೈರಸ್ ಕಾಲಿಟ್ಟರೆ ಪಿಕೆಆರ್ ಎಂಬ ಕಿಣ್ವ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ, ಮತ್ತೊಂದು ಕಿಣ್ವ ಆರ್‌ಎನ್‌ಎಯನ್ನು ತುಂಡರಿಸುತ್ತದೆ, ತನ್ನದು ಪರರದು ಎಂದು ನೋಡದೆ. ಒಲೆ ಆರುತ್ತದೆ. ಕೋಶವೂ ಉಪವಾಸ, ವೈರಸ್ಸೂ ಉಪವಾಸ. ಅದರಿಂದಲೂ ಆಗದಿದ್ದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವುದುಂಟು. ನಲ್ಲೂರಿನ ಹುಣಸೆಮರಕ್ಕೆ ಇಂಟರ್‌ಫೆರಾನ್ ಇಲ್ಲ, ಆದರೆ ಗಿಡಮರಗಳೂ ಇಂಥದೇ ದಾರಿ ಹಿಡಿದಿವೆ: ಸೋಂಕು ತಗುಲಿದ ಎಲೆಯ ಕೋಶಗಳು ತಾವಾಗಿ ಸತ್ತು ಸುತ್ತ ಒಣ ಗಡಿ ಕಟ್ಟುತ್ತವೆ, ದೂರದ ಎಲೆಗೂ ರಾಸಾಯನಿಕ ಎಚ್ಚರಿಕೆ ಹೋಗುತ್ತದೆ.

ಹಿಂದೆ ಊರಿಗೆ ಆಪತ್ತು ಬಂದರೆ ತಳವಾರ ಡಂಗುರ ಸಾರುತ್ತಿದ್ದ. ಕಾಲುಬಾಯಿ ವೈರಸ್ ಮೊದಲು ಮಾಡುವ ಕೆಲಸವೆಂದರೆ ಡಂಗುರದವನ ಬಾಯಿ ಕಟ್ಟುವುದು. ಅದರ ಎಲ್ ಪ್ರೋಟಿಯೇಸ್ ಎಂಬ ಕಿಣ್ವ ಕೋಶದ ಪ್ರೋಟೀನ್ ತಯಾರಿಕೆಗೆ ಬೇಕಾದ ಒಂದು ಮುಖ್ಯ ಕೀಲನ್ನು ಕತ್ತರಿಸುತ್ತದೆ. ವೈರಸ್ಸಿಗೆ ಆ ಕೀಲು ಬೇಡ, ಬೇರೆ ದಾರಿಯಿದೆ. ಇಂಟರ್‌ಫೆರಾನ್ ತಯಾರಾಗಲು ಅದು ಬೇಕು. ಹೀಗೆ ಸುದ್ದಿ ಹುಟ್ಟುವ ಮೊದಲೇ ಅಡಗುತ್ತದೆ, ರೋಗ ಅಷ್ಟು ವೇಗವಾಗಿ ಹಬ್ಬುತ್ತದೆ. ಆ ಕಿಣ್ವದ ಜೀನನ್ನು ತೆಗೆದುಹಾಕಿದ ವೈರಸ್ ಪ್ರಯೋಗದಲ್ಲಿ ದನದ ಮೈಯಲ್ಲಿ ಹಬ್ಬಲಾರದೆ ಸೋತಿದೆ. ಇಂಟರ್‌ಫೆರಾನನ್ನು ಹೊರಗಿನಿಂದಲೇ ಕೊಟ್ಟರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ. ಲಸಿಕೆಯ ರಕ್ಷಣೆ ಮೂಡಲು ವಾರವಾದರೂ ಬೇಕು, ಇಂಟರ್‌ಫೆರಾನಿಗೆ ಒಂದು ದಿನ ಸಾಕು. ಅಮೆರಿಕದ ಪ್ಲಮ್ ಐಲೆಂಡ್ ಪ್ರಯೋಗಾಲಯದಲ್ಲಿ ಹಂದಿಯ ಇಂಟರ್‌ಫೆರಾನ್ ಜೀನನ್ನು ನಿರಪಾಯದ ಇನ್ನೊಂದು ವೈರಸ್ಸಿನ ಮೇಲೆ ಹೊರಿಸಿ ಹಂದಿಗಳಿಗೆ ಚುಚ್ಚಿದರು. ಮರುದಿನ ಕಾಲುಬಾಯಿ ವೈರಸ್ ಕೊಟ್ಟರೂ ಅವು ರೋಗಕ್ಕೆ ಬೀಳಲಿಲ್ಲ. ದನಗಳಲ್ಲಿ ಅಷ್ಟು ಸಲೀಸಾಗಿ ಫಲ ಸಿಗಲಿಲ್ಲ. ಲ್ಯಾಂಬ್ಡಾ ಎಂಬ ಇನ್ನೊಂದು ಬಗೆಯ ಇಂಟರ್‌ಫೆರಾನ್ ಹೆಚ್ಚು ಭರವಸೆ ಮೂಡಿಸಿದೆ. ಕೊಟ್ಟಿಗೆಯವರೆಗೆ ಬಂದಿರುವುದು ಮಾತ್ರ ಲಸಿಕೆಯೇ. ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರ ಕಾಲುಬಾಯಿ ಲಸಿಕೆಯ ಕೆಲಸಕ್ಕೆ ಹೆಸರಾದದ್ದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ದನಗಳ ಕಿವಿಗೆ 12 ಅಂಕಿಯ ಓಲೆ ಹಾಕಿ ಲಸಿಕೆ ಕೊಡಲಾಗುತ್ತಿದೆ.

ಅಹಿಂಸೆಯ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಅತಿ ಸೂಕ್ಷ್ಮವಾಗಿ ವಿಂಗಡಿಸಿದವರು ಜೈನರು. ಅವರ ಶಾಸ್ತ್ರ ಹಿಂಸೆಯಲ್ಲಿ ನಾಲ್ಕು ಬಗೆ ಹೇಳುತ್ತದೆ: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆ, ಅಡುಗೆ ಕಸಮುಸುರೆಯಂಥ ಮನೆಗೆಲಸದಲ್ಲಿ ಆಗಿಬಿಡುವ ಆರಂಭಿ ಹಿಂಸೆ, ಬೇಸಾಯ ಮೊದಲಾದ ಕಸುಬಿನಲ್ಲಿ ಆಗುವ ಉದ್ಯೋಗಿ ಹಿಂಸೆ, ಮೇಲೆ ಬಿದ್ದವರಿಂದ ಕಾಪಾಡಿಕೊಳ್ಳುವಾಗ ಆಗುವ ವಿರೋಧಿ ಹಿಂಸೆ. ಮುನಿಗೆ ನಾಲ್ಕೂ ವರ್ಜ್ಯ. ಸಂಸಾರದಲ್ಲಿರುವ ಶ್ರಾವಕ ಸಂಕಲ್ಪಿಯನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಈ ವಿಂಗಡಣೆಯ ಬೆಲೆ ಇರುವುದು ಅದರ ಪ್ರಾಮಾಣಿಕತೆಯಲ್ಲಿ. ರಕ್ಷಣೆಗಾಗಿ ಮಾಡಿದ್ದು ಹಿಂಸೆಯೇ ಅಲ್ಲ ಎಂದು ಅದು ತೇಲಿಸುವುದಿಲ್ಲ. ಹಿಂಸೆಯೆಂದೇ ಹೆಸರಿಟ್ಟು, ಕ್ಷಮ್ಯವೆನ್ನುತ್ತದೆ.

ಇದರ ಬೆಳಕಿನಲ್ಲಿ ನೋಡಿದರೆ ದನದ ಮೈಯಲ್ಲಿ ಎರಡು ಬಗೆಯ ಕಾಪು ಕಾಣುತ್ತದೆ. ಪ್ರತಿಕಾಯಗಳು ವೈರಸ್ಸನ್ನು ಹಿಡಿಯುತ್ತವೆ, ಭಕ್ಷಕ ಕೋಶಗಳು ನುಂಗುತ್ತವೆ, ಕೊಲೆಗಾರ ಕೋಶಗಳೆಂದೇ ಹೆಸರಾದವು ಸೋಂಕು ತಗುಲಿದ ತಮ್ಮವರನ್ನೇ ತೂತು ಕೊರೆದು ಕೊಲ್ಲುತ್ತವೆ. ಇದು ವಿರೋಧಿ ಹಿಂಸೆ. ಇಂಟರ್‌ಫೆರಾನಿನ ಕೆಲಸ ವ್ರತಕ್ಕೆ ಹತ್ತಿರ: ತನ್ನ ಉಣಿಸನ್ನು ತಾನು ತಡೆದು, ಬಂದವನಿಗೂ ಉಣಿಸು ಸಿಗದಂತೆ ಮಾಡುವುದು. ಎರಡನ್ನೂ ಬೇರೆ ಮಾಡಿ ಇಡಲಾಗದು ಎಂಬುದೂ ನಿಜ. ಇಂಟರ್‌ಫೆರಾನಿನ ಕರೆಗೆ ಕೊಲೆಗಾರ ಕೋಶಗಳೂ ಹುರುಪಾಗುತ್ತವೆ. ಆದರೂ ಮೊದಲು ಬರುವುದು ಸಂಯಮ, ಆಮೇಲೆ ಆಯುಧ. ಆ ಕ್ರಮ ಗಮನಿಸತಕ್ಕದ್ದು.

ವೈರಸ್ ಒಂದು ಜೀವವೇ ಎಂಬ ಪ್ರಶ್ನೆ ಇದರ ಜೊತೆಗೇ ಏಳುತ್ತದೆ. ಜೈನ ದರ್ಶನದಲ್ಲಿ ಜೀವದ ಲಕ್ಷಣ ಉಪಯೋಗ, ಅಂದರೆ ಚೈತನ್ಯದ ವ್ಯಾಪಾರ. ಒಂದೇ ಇಂದ್ರಿಯದ ಜೀವಿಗಳಿಗೂ ಅಲ್ಲಿ ಜಾಗವಿದೆ. ಕೋಶದ ಹೊರಗಿರುವ ವೈರಸ್ ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಕೋಶದೊಳಗೆ ಹೊಕ್ಕಾಗ ಮಾತ್ರ ಜೀವದಂತೆ ನಡೆದುಕೊಳ್ಳುತ್ತದೆ. ಜೀವಶಾಸ್ತ್ರಜ್ಞರೂ ಇದರಲ್ಲಿ ಒಂದೇ ಮಾತಿಗೆ ಬಂದಿಲ್ಲ. ಹಸುವಿನ ನೋವಿನ ವಿಷಯದಲ್ಲಿ ಮಾತ್ರ ಅಂಥ ಸಂದೇಹಕ್ಕೆ ಎಡೆಯಿಲ್ಲ. ಐದು ಇಂದ್ರಿಯವುಳ್ಳ, ಮನಸ್ಸೂ ಉಳ್ಳ ಪ್ರಾಣಿಯೆಂದು ಶಾಸ್ತ್ರವೇ ಅದನ್ನು ಕರೆದಿದೆ. ಒಡೆದ ನಾಲಿಗೆಯ ಮುಂದೆ ನಿಂತವರಿಗೆ ಶಾಸ್ತ್ರದ ಆಧಾರವೂ ಬೇಕಾಗದು. ಸಂದಿಗ್ಧವಾದ ಜೀವಕ್ಕಾಗಿ ನಿಸ್ಸಂದಿಗ್ಧವಾದ ನೋವನ್ನು ಮರೆಯುವುದು ದಯೆಯ ಲೆಕ್ಕಕ್ಕೆ ಬರಲಾರದು.

ಹಾಗೆಂದು ರಕ್ಷಣೆಯ ಚರಿತ್ರೆ ನಿಷ್ಕಳಂಕವಲ್ಲ. ಕಾಲುಬಾಯಿಗಿಂತ ಭಯಂಕರವಾಗಿದ್ದದ್ದು ದೊಡ್ಡರೋಗ. ಅದು ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳೇ ಖಾಲಿಯಾಗುತ್ತಿದ್ದವು, ಉಳಲು ಎತ್ತಿಲ್ಲದೆ ಹೊಲ ಬೀಳುಬೀಳುತ್ತಿತ್ತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ತೆರೆದದ್ದು ಇದಕ್ಕಾಗಿ. ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕಗಳ ಸಂಸ್ಥೆಯ ಬೇರು ಅಲ್ಲಿದೆ. ಆ ಕಾಲದ ಸೀರಂ ತಯಾರಾಗುತ್ತಿದ್ದದ್ದು ರೋಗಕ್ಕೆ ಒಡ್ಡಿ ಗಟ್ಟಿಮಾಡಿದ ದನಗಳ ರಕ್ತದಿಂದ. ಕೆಲವು ಎತ್ತುಗಳು ನೋವುಂಡು ರಕ್ತ ಕೊಟ್ಟದ್ದರಿಂದ ಸಾವಿರ ಎತ್ತುಗಳು ಉಳಿದವು. ಮುಂದೆ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ಸೌಮ್ಯಗೊಳಿಸಿದ ಲಸಿಕೆ ಬಂತು. ಆಡುಗಳ ಬಲಿಯ ಮೇಲೆ ದನಗಳ ರಕ್ಷೆ. ಕೊನೆಗೆ ಗಾಜಿನ ಬುರುಡೆಯಲ್ಲಿ ಬೆಳೆಸಿದ ಕೋಶಗಳಲ್ಲೇ ಲಸಿಕೆ ತಯಾರಿಸುವ ವಿಧಾನ ಸಿಕ್ಕಿತು. ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಅದು ಭೂಮಿಯಿಂದಲೇ ಹೋಯಿತೆಂದು ಘೋಷಣೆಯಾಯಿತು. ಮನುಷ್ಯ ಪ್ರಯತ್ನದಿಂದ ಅಳಿದ ಮೊದಲ ಪ್ರಾಣಿರೋಗ ಅದು. ಇಂದು ನಲ್ಲೂರಿನ ಹಸುವಿಗೆ ಆ ರೋಗದ ಭಯವಿಲ್ಲದಿರುವುದರ ಹಿಂದೆ ಹೆಸರಿಲ್ಲದ ಆ ಎತ್ತು, ಆಡುಗಳಿವೆ. ಅವುಗಳ ನೋವು ಇಲ್ಲಿ ಬಂದ ಫಲದಿಂದ ಕಡಿಮೆಯಾಗುವುದಿಲ್ಲ. ಜೈನರ ವಿಂಗಡಣೆ ಕಲಿಸುವ ಪ್ರಾಮಾಣಿಕತೆಯನ್ನು ಇಲ್ಲಿ ಅನ್ವಯಿಸಬೇಕು: ಅದು ಹಿಂಸೆಯೇ ಆಗಿತ್ತು, ಮತ್ತು ಹಿಂಸೆ ಕಡಿಮೆಯಾದ ದಾರಿ ಸಿಕ್ಕಮೇಲೆ ಹಳೆಯದಕ್ಕೆ ಮರಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ದಾರಿ ಬ್ರಿಟನ್ನಿನದು. 2001ರಲ್ಲಿ ಅಲ್ಲಿ ಕಾಲುಬಾಯಿ ಜ್ವರ ಬಂದಾಗ 60 ಲಕ್ಷಕ್ಕೂ ಹೆಚ್ಚು ಕುರಿ, ದನ, ಹಂದಿಗಳನ್ನು ಕೊಂದರು. ರೋಗವಿಲ್ಲದ ಮಂದೆಗಳನ್ನೂ ಕೊಂದರು. ರೋಗಮುಕ್ತ ದೇಶವೆಂಬ ಪಟ್ಟವನ್ನು, ಅದರೊಡನೆ ಮಾಂಸದ ರಫ್ತನ್ನು, ಉಳಿಸಿಕೊಳ್ಳುವ ತುರ್ತು ಅದರ ಹಿಂದಿತ್ತು. ಬಹುಪಾಲು ವಾಸಿಯಾಗುವ ರೋಗಕ್ಕೆ ಇಷ್ಟು ಸಾವು ಬೇಕಿತ್ತೆ ಎಂದು ಅಲ್ಲಿನವರೇ ಆಮೇಲೆ ಕೇಳಿದರು.

ಊರಿಗೆ ದನದ ರೋಗ ಬಂದಾಗ ಇಲ್ಲಿನ ಹಳ್ಳಿಗಳು ಮೊದಲು ಮೊರೆಹೊಕ್ಕದ್ದು ಅಮ್ಮನನ್ನು. ಮಾರಮ್ಮನಿಗೆ ತಂಬಿಟ್ಟಿನ ಆರತಿ, ಬಾಗಿಲಿಗೆ ಬೇವಿನ ಸೊಪ್ಪು. ಸಂಕ್ರಾಂತಿಯ ಸಂಜೆ ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವುದು. ಇವುಗಳ ಒಳಗೆ ದೇವಿಯೊಡನೆ ಒಂದು ಸಲುಗೆಯಿದೆ, ದನವೂ ಮನೆಯವರಲ್ಲೊಬ್ಬರು ಎಂಬ ಭಾವವಿದೆ. ಹಳೆಯ ಆಚರಣೆಗಳಲ್ಲಿ ಇನ್ನೊಂದು ಬಗೆಯೂ ಇತ್ತು: ಮಾರಿಯನ್ನು ಗಡಿ ದಾಟಿಸುವುದು. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಪುಸ್ತಕ ಪ್ರಕಟಿಸಿದ ಹೆನ್ರಿ ವೈಟ್‌ಹೆಡ್ ಇಂಥವನ್ನು ದಾಖಲಿಸಿದ್ದಾರೆ. ರೋಗದ ದೇವಿಯನ್ನು ಪೂಜಿಸಿ, ಮೆರವಣಿಗೆಯಲ್ಲಿ ಊರ ಎಲ್ಲೆಯಾಚೆ ಬಿಟ್ಟುಬರುತ್ತಿದ್ದರು. ಆಚೆಯ ಊರಿನವರು ಮುಂದಿನ ಊರಿಗೆ ಸಾಗಿಸುತ್ತಿದ್ದರು. ಆ ಆಚರಣೆಯಲ್ಲಿ ತಿಳಿವಳಿಕೆಯೂ ಇತ್ತು. ಹಬ್ಬ ಮುಗಿಯುವವರೆಗೆ ಊರಿಗೆ ಯಾರೂ ಬರಬಾರದು, ಊರಿನಿಂದ ಯಾರೂ ಹೋಗಬಾರದು ಎಂಬ ಕಟ್ಟು ರೋಗ ತಡೆಯಲು ನಿಜಕ್ಕೂ ಒದಗುವಂಥದು. ಆದರೆ ನೆರೆಯೂರಿಗೆ ದಾಟುತ್ತಿದ್ದದ್ದು ರೋಗ. ಕೋಶ ನೆರೆಗೆ ದಾಟಿಸುವುದು ರೋಗದ ಸುದ್ದಿ. ತನ್ನ ಉಳಿವಿಗಾಗಿ ನೆರೆಯವನನ್ನು ಒಪ್ಪಿಸುವುದಕ್ಕೂ ತಾನು ಉಳಿಯದಿದ್ದರೂ ನೆರೆಯವನನ್ನು ಎಬ್ಬಿಸುವುದಕ್ಕೂ ಇರುವ ದೂರ ಧರ್ಮವಿಚಾರದಲ್ಲಿ ಬಹು ದೊಡ್ಡದು.

ಕೋಶದ ಈ ನಡೆಯನ್ನು ತ್ಯಾಗವೆನ್ನಬಹುದೆ? ಹಾಗೆ ಕರೆಯುವ ಆಸೆ ಸಹಜ, ಆದರೆ ಒಪ್ಪತಕ್ಕದ್ದಲ್ಲ. ಬೇರೆ ರೀತಿ ನಡೆಯಲು ಸಾಧ್ಯವಿದ್ದೂ ಹಾಗೆ ನಡೆದರೆ ತ್ಯಾಗ. ಸುದ್ದಿಯನ್ನು ಮುಚ್ಚಿಡುವ ಆಯ್ಕೆ ಕೋಶಕ್ಕಿಲ್ಲ. ಇಡೀ ಮೈಯ ಕೋಶಗಳು ಒಂದೇ ಮೂಲಕೋಶದಿಂದ ಒಡೆದು ಬಂದವು, ಒಂದೇ ಜೀನುಗಳನ್ನು ಹೊತ್ತವು. ನೆರೆಯ ಕೋಶದ ಉಳಿವು ಅದರದೇ ಉಳಿವು. ಅದರ ಕಾಪಿಗೆ ಮಿತಿಮೀರುವ ದೋಷವೂ ಇದೆ. ಇಂಟರ್‌ಫೆರಾನ್ ಹೆಚ್ಚಾದರೆ ಜ್ವರ, ಮೈಕೈ ನೋವು, ಮಂಕು. ಹೆಪಟೈಟಿಸ್‌ಗೆ ಅದನ್ನು ಔಷಧವಾಗಿ ಪಡೆದ ಮನುಷ್ಯರು ಇದನ್ನೆಲ್ಲ ಅನುಭವಿಸಿದ್ದಾರೆ. ಕಾಯಿಲೆ ಬಿದ್ದ ಹಸು ಮೂಲೆ ಹಿಡಿದು ತಲೆ ತಗ್ಗಿಸಿ ನಿಲ್ಲುವುದರಲ್ಲಿ ರೋಗದ ಪಾಲೆಷ್ಟೋ ಕಾಪಿನ ಪಾಲೂ ಅಷ್ಟಿರುತ್ತದೆ.

ಆಯ್ಕೆ ಇರುವುದು ಹಸುವಿನ ಯಜಮಾನನಿಗೆ. ಜೊಲ್ಲು ಕಂಡ ಬೆಳಿಗ್ಗೆ ಅವನು ಪಶು ಆಸ್ಪತ್ರೆಗೆ ತಿಳಿಸಬಹುದು, ಅಥವಾ ಸುಮ್ಮನಿದ್ದು ವಾರದ ಸಂತೆಯಲ್ಲಿ ಹಸುವನ್ನು ಮಾರಿಬಿಡಬಹುದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆ ಅವನ ಮೇಲೆ ಎರಡು ಹೊಣೆ ಹೊರಿಸಿದೆ: ರೋಗದ ಅನುಮಾನವನ್ನು ವರದಿ ಮಾಡುವುದು, ರೋಗಿಯನ್ನು ಬೇರೆ ಕಟ್ಟುವುದು. ಸುದ್ದಿ ಮತ್ತು ಸಂಯಮ, ಕೋಶ ಮಾಡುವ ಅದೇ ಎರಡು ಕೆಲಸ. ವ್ಯತ್ಯಾಸವಿರುವುದು ನಷ್ಟದಲ್ಲಿ. ಹಾಲು ನಿಂತರೆ ಸಾಲದ ಕಂತು ನಿಲ್ಲುತ್ತದೆ, ರೋಗದ ಮಾತು ಹಬ್ಬಿದರೆ ಉಳಿದ ದನದ ಬೆಲೆಯೂ ಬೀಳುತ್ತದೆ, ಅಕ್ಕಪಕ್ಕದವರು ಮುಖ ತಿರುಗಿಸುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ದನಗಳ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಂದಾಗ, ರೋಗವಿಲ್ಲದ ಜೋಡಿಯನ್ನು ಮಾರಲು ವರ್ಷವಿಡೀ ಕಾದಿದ್ದವರಿಗೂ ನಷ್ಟವಾಯಿತು. ಕೋಶದ ನಷ್ಟವನ್ನು ಮೈ ತುಂಬಿಕೊಡುತ್ತದೆ. ಸತ್ತ ಜಾಗದಲ್ಲಿ ಹೊಸ ಕೋಶ ಹುಟ್ಟುತ್ತದೆ, ನಾಲಿಗೆಯ ಹುಣ್ಣು ವಾರ ಎರಡು ವಾರದಲ್ಲಿ ಮಾಯುತ್ತದೆ. ನೆರೆಯವರ ಒಳಿತಿಗಾಗಿ ಸತ್ಯ ಹೇಳಿದ ರೈತನ ನಷ್ಟವನ್ನು ಊರು, ಸಂಘ, ಸರ್ಕಾರ ತುಂಬಿಕೊಡದಿದ್ದರೆ ಅವನಿಂದ ಸತ್ಯವನ್ನು ಬಯಸುವ ನೈತಿಕ ಹಕ್ಕು ಅವಕ್ಕೆ ಅರ್ಧವಷ್ಟೇ ಉಳಿಯುತ್ತದೆ. ದಯೆ ಧರ್ಮದ ಮೂಲವೆಂದು ಒಪ್ಪುವ ನಾಡಿನಲ್ಲಿ ಹಸುವಿನ ಮೇಲಿನ ದಯೆ ಅದನ್ನು ಸಾಕುವವನನ್ನು ಬಿಟ್ಟು ಇರಲಾರದು.

ಇಂಟರ್‌ಫೆರಾನಿನ ಇನ್ನೊಂದು ಕೆಲಸ ಮೆಲುಕು ಹಾಕುವ ಪ್ರಾಣಿಗಳಲ್ಲಿ ಮಾತ್ರ ಕಾಣುವಂಥದು, ತನ್ನದು ಪರರದು ಎಂಬ ವಿಚಾರವನ್ನೇ ಅದು ತೊಡಕುಗೊಳಿಸುತ್ತದೆ. ಹಸು ಗಬ್ಬವಾದ ಎರಡು ವಾರ ದಾಟಿದ ಮೇಲೆ, ಗರ್ಭಕೋಶದಲ್ಲಿ ಇನ್ನೂ ನೆಲೆಯೂರದೆ ನೂಲಿನ ಎಳೆಯಂತೆ ಉದ್ದವಾಗುತ್ತಿರುವ ಭ್ರೂಣದ ಹೊರಪದರ ಒಂದು ಪ್ರೋಟೀನನ್ನು ಸ್ರವಿಸುತ್ತದೆ. ತಾಯಿಯ ಮೈ ಅದನ್ನು ಓದಿಕೊಂಡು, ಮತ್ತೆ ಬೆದೆಗೆ ಬರುವ ಚಕ್ರವನ್ನು ನಿಲ್ಲಿಸುತ್ತದೆ. ಕುರಿಯಲ್ಲಿ ಮೊದಲು ಕಂಡ ಈ ಪ್ರೋಟೀನಿನ ರಚನೆಯನ್ನು 1987ರಲ್ಲಿ ಬಿಡಿಸಿದಾಗ ಅದು ಇಂಟರ್‌ಫೆರಾನ್ ಕುಲದ್ದೆಂದು ಗೊತ್ತಾಗಿ ವಿಜ್ಞಾನಿಗಳು ಬೆರಗಾದರು. ಟೌ ಎಂದು ಅದಕ್ಕೆ ಹೆಸರಾಯಿತು. ಕರು ಅರ್ಧ ತಂದೆಯದು, ತಾಯಿಯ ಮೈಗೆ ಅರ್ಧ ಹೊರಗಿನದು. ಹೊರಗಿನವನು ಬಂದಿದ್ದಾನೆ, ಬಾಗಿಲು ಹಾಕಿಕೊಳ್ಳಿ ಎಂದು ಸಾರುವ ಅದೇ ನುಡಿ, ಇಲ್ಲಿ ಹೊರಗಿನವನನ್ನು ಉಳಿಸಿಕೊಳ್ಳಿ ಎಂಬ ಮೊರೆಯಾಗಿದೆ. ಒಂದೇ ವಸ್ತು ಶತ್ರುವಿನ ಸುದ್ದಿಯೂ ಹೌದು, ಮಗುವಿನ ಸುದ್ದಿಯೂ ಹೌದು. ಶತ್ರುತ್ವ ವಸ್ತುವಿನ ಸ್ವಭಾವದಲ್ಲಿದೆಯೆಂದು ವಾದಿಸುವವರಿಗೆ ಇದು ಗಟ್ಟಿಯಾದ ಅಡ್ಡಿ.

ಕೊಟ್ಟಿಗೆಯಲ್ಲಿ ಈ ಸುದ್ದಿ ಮುಟ್ಟಿದ್ದು ತಿಳಿಯುವುದು ಲೆಕ್ಕದಿಂದ. ಗಬ್ಬಕ್ಕೆಂದು ಇಂಜೆಕ್ಷನ್ ಕೊಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರುತ್ತಾರೆ. 21ನೆಯ ದಿನ ಬೆಳಿಗ್ಗೆ ಹಸು ಕೂಗುವುದಿಲ್ಲ, ಮೇವು ಬಿಡುವುದಿಲ್ಲ, ಬಾಲದ ಕೆಳಗೆ ಲೋಳೆ ಕಾಣುವುದಿಲ್ಲ. ಹಾಲು ಕರೆಯಲು ಕೂತ ಮನೆಯಾಕೆ ಕೆಚ್ಚಲಿಗೆ ನೀರು ಚಿಮುಕಿಸುತ್ತ, ಗಬ್ಬ ನಿಂತಿರಬೇಕು ಅನ್ನುತ್ತಾಳೆ. ಮೂರು ತಿಂಗಳು ಕಳೆದ ಮೇಲೆ ಡಾಕ್ಟರು ಬಂದು ಕೈಹಾಕಿ ನೋಡಿ, ಹೌದು ಅನ್ನುತ್ತಾರೆ.